ಇದಿನಬ್ಬರಿಗೆ, ಸಿಳ್ಳೆಯ ಬಗ್ಗೆ

ಇದಿನಬ್ಬ ಬ್ಯಾರಿಗಳೇ,
ಬಂದರಿನ ನಿಮ್ಮ ಗುಜರಿ ಅಂಗಡಿಯಲ್ಲಿ
ಫ್ಯಾನಿನ ರೆಕ್ಕೆ, ಮುರಿದ ನಲ್ಲಿಗಳ ನಡುವೆ
ಮಲಗಿದ್ದ ರೈಲಿನ ಸಿಳ್ಳೆ,
ನಾಲ್ಕು ಕಿಲೋ ಮುನ್ನೂರು ಗ್ರಾಂ ಹಿತ್ತಾಳೆ
ಎಂದು ತೂಗಿ ಕೊಟ್ಟಿರಲ್ಲ,
ಅದು ಈಗ ಹೊಳೆಯಾಚೆ, ಬೆಂಗ್ರೆಯಲ್ಲಿ,
ನನ್ನ ದೋಣಿ ಶೆಡ್ಡಿನ ಹೊರಗೆ
ಕಂಬದ ಮೇಲೆ ಉಂಟು.

ಕಂಬವೆಂದರೆ ಹಳೆಯ ದೋಣಿಯ ಅಡಿಮರ.
ಗೇರೆಣ್ಣೆ ಎರಡು ಕೈ ಬಳಿದೆ;
ನನ್ನ ಅಂಗೈ ಸುಲಿದು ಬಂದದ್ದು ಬೇರೆ ಮಾತು.

ಮೊದಲು ಕಬ್ಬಿಣದ ಬೋಲ್ಟು ಹಾಕಿದೆ. ತಪ್ಪು.
ಕಬ್ಬಿಣ, ಹಿತ್ತಾಳೆ ಮೈಗೆ ಮೈ ತಾಗಿ
ಉಪ್ಪುಗಾಳಿಯಲ್ಲಿ ನಿಂತರೆ
ಒಂದೇ ಅಡುಗೆಮನೆಯ ಓರಗಿತ್ತಿಯರ ಹಾಗೆ:
ಜಗಳ ಹೊರಗೆ ಕೇಳುವುದಿಲ್ಲ,
ಒಬ್ಬಳು ಸವೆಯುತ್ತಾಳೆ.
ಸವೆದದ್ದು ಕಬ್ಬಿಣ. ಹದಿನೈದೇ ದಿನ.
ಈಗ ಸ್ಟೀಲಿನ ಬೋಲ್ಟು, ಸಂದಿಗೆ
ಸೈಕಲ್ ಟ್ಯೂಬು ಕತ್ತರಿಸಿದ ವಾಶರು.
ನಡುವೆ ಅಷ್ಟು ರಬ್ಬರು ಇದ್ದರೆ
ಸಂಸಾರ ನಡೆಯುತ್ತದೆ.

ಮೇ ಕೊನೆಗೆ ಮಳೆ ಹಿಡಿಯಿತು.
ಹಗ್ಗ ಎಳೆದರೆ ಸ್ವರವಿಲ್ಲ, ಗೊರಗೊರ,
ಬಾವಿಕಟ್ಟೆಯಲ್ಲಿ ಬಾಯಿ ಮುಕ್ಕಳಿಸುವ ಮಾವನಂತೆ.
ಬಿಚ್ಚಿ ನೋಡಿದೆ:
ಬಟ್ಟಲಲ್ಲಿ ಅರ್ಧ ಲೋಟ ನೀರು,
ಗಂಟೆಯೊಳಗೆ ಕಣಜದ ಮಣ್ಣಿನ ಮನೆ, ಎರಡು ಕೋಣೆ.
ನೀರಿಗೆ ಪೈಪಿನ ತಗ್ಗಿನಲ್ಲಿ ಒಂದು ತೂತು ಕೊರೆದೆ,
ಕುಚ್ಚಲಕ್ಕಿ ಕಾಳು ಹೋಗುವಷ್ಟು.
ಕಣಜಕ್ಕೆ, ನೀಲಿ ಪೇಂಟಿನ ಖಾಲಿ ಡಬ್ಬಿ,
ಬೋರಲು, ಬಲೆಯ ನೂಲಿಗೆ ಕಟ್ಟಿ.
ಹಗ್ಗ ಎಳೆದಾಗ ಡಬ್ಬಿಯೇ ಮೊದಲು ಏಳುತ್ತದೆ,
ಟೊಪ್ಪಿ ತೆಗೆದು ಮಾತಿಗೆ ನಿಂತವರಂತೆ.

ಪಾವ್ಲು ಪರ್ಬುಗಳು ಬಂದಿದ್ದರು.
ಉಗಿ ಇಂಜಿನ್ನಿಗೆ ಒಂದು ಕಾಲದಲ್ಲಿ
ಕಲ್ಲಿದ್ದಲು ಎರಚಿದವರು.
ಕಂಪ್ರೆಸರು ಹಚ್ಚಿ ಕೂಗಿಸಿದೆ.
ಅವರು ಕಣ್ಣು ಮುಚ್ಚಿ ಕೇಳಿದರು. ನಾನು ಕಾದೆ.
"ಸ್ವರ ಇದೇ. ಆದರೆ ಶೀತ ಆಗಿದೆ ಇದಕ್ಕೆ."
ಹಬೆ ಕುಡಿದು ಕೂಗಲು ಹುಟ್ಟಿದ್ದಂತೆ;
ಬರೀ ಗಾಳಿ ಕುಡಿಸಿದರೆ
ಶ್ರುತಿ ಇಳಿಯುತ್ತದಂತೆ.
"ಹೊರಗೆ ಬೇಕಾದರೆ ಬಿಂಬುಳಿ ತಿಕ್ಕು.
ತುಟಿಯನ್ನು ಮಾತ್ರ ಮುಟ್ಟಬೇಡ.
ಕಾಗದದಷ್ಟು ಸಂದು ಉಂಟು ಅಲ್ಲಿ,
ಅದು ಅಗಲವಾದರೆ ಮತ್ತೆ
ಉಸಿರು ಇರುತ್ತದೆ, ಮಾತಿರುವುದಿಲ್ಲ."
ಹೇಳಿದವರು ಸ್ವಲ್ಪ ಹೊತ್ತು
ತಮ್ಮ ತುಟಿಯನ್ನೇ ಸವರಿಕೊಂಡರು.

ಬಿಂಬುಳಿ ತಿಕ್ಕಿದೆ. ಸಿಹಿನೀರಲ್ಲಿ ತೊಳೆದೆ.
ಜೇನುಮೇಣ ಕರಗಿಸಿ ಹಚ್ಚಿದೆ.
ಮದುಮಗಳಂತೆ ಹೊಳೆಯಿತು, ಒಂಬತ್ತು ದಿನ.
ಆಮೇಲೆ ಕಂದು,
ಆಮೇಲೆ ಅಂಚಿಗೆ ಕಿಲುಬಿನ ಹಸಿರು.
ಬಿಟ್ಟುಬಿಟ್ಟೆ.
ನಾನು ಹೊದೆಸಿದ್ದೆಲ್ಲ ಸುಲಿದುಹೋದ ಮೇಲೆ
ಅದು ತಾನೇ ನೇಯ್ದುಕೊಂಡ ರೇನ್‌ಕೋಟು ಅದು.

ಇನ್ನು ದೂರು.
ಮೊದಲ ದಿನ ಕೂಗಿಸಿದಾಗ
ಬಂದರಿನ ಬದಿಯ ಹೆಂಗಸರು
ಫೆರಿ ಹೊರಟಿತೆಂದು ಬುಟ್ಟಿ ಹೊತ್ತು ಓಡಿದರಂತೆ.
ಒಬ್ಬಳ ಬಂಗುಡೆ ಅರ್ಧ ದಕ್ಕೆಯ ಮೇಲೆ ಚೆಲ್ಲಿತಂತೆ.
ಫೆರಿಯ ಅಸ್ಗರ್ ಬಂದು,
"ಅಕ್ಕಾ, ನಿಮ್ಮ ಸಿಳ್ಳೆಯ ಬಾಯಿ ಹೊಲಿಯಿರಿ" ಎಂದ.
ಚಾ ಕುಡಿದ. ಮತ್ತೆ ಬಂದ, ಮತ್ತೆ ಕುಡಿದ.
ಈಗ ಒಪ್ಪಂದ ಉಂಟು:
ರಾತ್ರಿಯ ಕೊನೆಯ ಫೆರಿಗೆ ಎರಡು ಗಿಡ್ಡ ಕೂಗು.
ಕೂಗಿಸುವುದು ನಾನು,
ಕರೆಂಟು ಬಿಲ್ಲಿನಲ್ಲಿ ಕಾಲುಪಾಲು ಅವನದು.
ಆ ಪಾಲು ಇನ್ನೂ ಬಂದಿಲ್ಲ.

ನೀವು ಹಿತ್ತಾಳೆಯ ದರ ಹಾಕಿದಿರಿ,
ತಕ್ಕಡಿಯ ಮುಳ್ಳು ಸರಿಯಾಗಿಯೇ ನಿಂತಿತ್ತು,
ನಾನೇ ನೋಡಿದ್ದೆ.
ಒಳಗಿದ್ದ ಕೂಗು ಅದಕ್ಕೆ ಸಿಕ್ಕಲಿಲ್ಲ, ಅಷ್ಟೇ.
ಅದರ ಬಾಕಿ ಎಷ್ಟೆಂದು ಹೇಳಿ ಕಳಿಸಿ.
ಅಥವಾ ಅಂಗಡಿಯ ಶಟರು ಎಳೆಯುವಾಗ
ಒಂದು ಗಳಿಗೆ ನಿಲ್ಲಿ, ಹೊಳೆಯ ಕಡೆ ಮುಖ ಮಾಡಿ.
ಪಡುಗಾಳಿ ಇದ್ದರೆ ಕೇಳುತ್ತದೆ.
ಇಲ್ಲದಿದ್ದರೆ ಇಲ್ಲ.

ಮತ್ತೊಂದು:
ಆ ರಾಶಿಯ ತಳದಲ್ಲಿ ಹಿಡಿ ಮುರಿದ
ಒಂದು ವಾಲ್ವು ಕಂಡ ನೆನಪು.
ಯಾರಿಗೂ ತೂಗಬೇಡಿ.
ಗುರುವಾರ ಬರುತ್ತೇನೆ.